ಹೆಸರು ತಪ್ಪಿ ಹೇಳಿದ ದಿನ



ಕಳೆದ ಗಣೇಶೋತ್ಸವದಲ್ಲಿ ಮಹಿಳಾ ವಿಭಾಗದ ಅಂತ್ಯಾಕ್ಷರಿ ನಡೆಯಿತಲ್ಲ, ಬಂದವರಿಗೆ ನೆನಪಿರಬಹುದು. ಮೈಕು ನನ್ನ ಕೈಯಲ್ಲಿತ್ತು. ಒಂದು ತಂಡದವರು ‘ಬ್ರಹ್ಮಚಾರಿ’ ಚಿತ್ರದ ಆ ಕುಣಿತದ ಹಾಡು ಎತ್ತಿಕೊಂಡರು. ಶಮ್ಮಿ ಕಪೂರ್, ಕಿತ್ತಳೆ ಬಣ್ಣದ ಸೀರೆಯ ಮುಮ್ತಾಜ್, ನಿಮಗೆಲ್ಲ ಗೊತ್ತು. ಹಾಡು ಮುಗಿಯಿತು, ಚಪ್ಪಾಳೆ ಬಿತ್ತು. ನಾನು ದೊಡ್ಡ ತಿಳಿದವಳ ಹಾಗೆ, “1968ರ ಚಿತ್ರ, ಶಂಕರ್-ಜೈಕಿಶನ್ ಸಂಗೀತ, ಹಾಡಿದವರು ರಫಿ ಮತ್ತು ಲತಾ” ಎಂದು ಘೋಷಿಸಿಬಿಟ್ಟೆ.

ಎದುರು ಸಾಲಿನಲ್ಲಿ ಊರುಗೋಲು ಹಿಡಿದು ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು. ನೀರು ಬೇಕೇನೋ ಅಂದುಕೊಂಡು ಬಗ್ಗಿದೆ. “ಮಗಾ, ಅದು ಲತಾ ಅಲ್ಲ. ನಮ್ಮ ಸುಮನ್” ಅಂದರು. ಮೈಕಿನಲ್ಲಿ ಅವರ ಮಾತು ಸಭೆಗೆಲ್ಲ ಕೇಳಿಸಿತು. ನಾನು “ಕ್ಷಮಿಸಿ ಅಮ್ಮಾ” ಅಂದೆ, ಎಲ್ಲರೂ ನಕ್ಕರು, ಆಟ ಮುಂದುವರಿಯಿತು. ಆದರೆ ರಾತ್ರಿ ಲೋಕಲ್ ರೈಲಿನಲ್ಲಿ ಮನೆಗೆ ಬರುವಾಗ ಆ ‘ನಮ್ಮ’ ಎಂಬ ಶಬ್ದ ಕಿವಿಯಲ್ಲೇ ಕೂತಿತ್ತು.

ಸುಮನ್ ಕಲ್ಯಾಣಪುರ್ ಹೇಗೆ ನಮ್ಮವರು? ಮದುವೆಗೆ ಮುಂಚೆ ಅವರು ಸುಮನ್ ಹೆಮ್ಮಾಡಿ. ಕುಂದಾಪುರ ದಾಟಿ ಬೈಂದೂರಿನ ಕಡೆ ಹೋಗುವಾಗ, ಕೊಲ್ಲೂರಿಗೆ ದಾರಿ ಒಡೆಯುವಲ್ಲಿ ಒಂದು ಊರು ಸಿಗುತ್ತದಲ್ಲ, ಅದೇ ಹೆಮ್ಮಾಡಿ. ಮೂಕಾಂಬಿಕೆಯ ದರ್ಶನಕ್ಕೆ ಹೋದ ನಮ್ಮಲ್ಲಿ ಎಷ್ಟು ಮಂದಿ ಅಲ್ಲಿ ಬಸ್ಸು ನಿಂತಾಗ ಬೊಂಡ ಕುಡಿದಿಲ್ಲ! ಅವರ ಮನೆತನದ ಮೂಲ ಅದು. 1958ರಲ್ಲಿ ಮುಂಬಯಿಯ ಉದ್ಯಮಿ ರಮಾನಂದ ಕಲ್ಯಾಣಪುರ್ ಅವರನ್ನು ಮದುವೆಯಾದ ಮೇಲೆ ಬಂದ ಹೆಸರು ಕೂಡ ಊರಿನದೇ. ಉಡುಪಿಯ ಹತ್ತಿರ, ಸ್ವರ್ಣಾ ನದಿಯ ಬದಿಯ ಕಲ್ಯಾಣಪುರ ಯಾರಿಗೆ ಗೊತ್ತಿಲ್ಲ? ಊರಿನ ಹೆಸರನ್ನೇ ಮನೆತನದ ಹೆಸರು ಮಾಡಿಕೊಳ್ಳುವುದು ಸಾರಸ್ವತರ ವಾಡಿಕೆ. ಹೀಗೆ ಹೆಂಗಸಿನ ಹೆಸರು ಬದಲಾದರೂ ಅದು ಒಂದೇ ಹೆದ್ದಾರಿಯ ಆಸುಪಾಸಿನಲ್ಲೇ ಉಳಿಯಿತು. ನಮಗೆಲ್ಲ ಆ ಭಾಗ್ಯ ಇರುವುದಿಲ್ಲ.

ಹುಟ್ಟಿದ್ದು ಮಾತ್ರ ದೂರದ ಢಾಕಾದಲ್ಲಿ, 1937ರ ಜನವರಿ 28ರಂದು. ತಂದೆ ಶಂಕರರಾವ್ ಹೆಮ್ಮಾಡಿಯವರಿಗೆ ಸೆಂಟ್ರಲ್ ಬ್ಯಾಂಕಿನಲ್ಲಿ ಕೆಲಸ. 1943ರಲ್ಲಿ ಸಂಸಾರ ಮುಂಬಯಿಗೆ ಬಂತು. ಆರು ಮಕ್ಕಳಲ್ಲಿ ಹಿರಿಯವಳು ಸುಮನ್. ಹುಡುಗಿಗೆ ಚಿತ್ರಕಲೆಯ ಹುಚ್ಚು. ಶಾಲೆ ಮುಗಿಸಿ ಜೆ.ಜೆ. ಕಲಾಶಾಲೆ ಸೇರಿದಳು. ಹಾಡು ಬರಿಯ ಹವ್ಯಾಸ. ಪ್ರಭಾತ್ ಚಿತ್ರಗಳಿಗೆ ಸಂಗೀತ ಕೊಟ್ಟಿದ್ದ ಕೇಶವರಾವ್ ಭೋಳೆ ಮನೆಯವರಿಗೆ ಪರಿಚಿತರು. ಅವರಲ್ಲಿ ಪಾಠ ಶುರುವಾಯಿತು. ಹವ್ಯಾಸ ಅಂತ ಹಚ್ಚಿದ ದೀಪ, 1952ರ ಹೊತ್ತಿಗೆ ಆಕಾಶವಾಣಿಯ ತನಕ ಬೆಳಗಿತು.

ಸಿನಿಮಾದ ಬಾಗಿಲಲ್ಲೇ ಒಂದು ಪೆಟ್ಟು ಬಿತ್ತು. ಅವರು ಹಾಡಿದ ಮೊದಲ ಮರಾಠಿ ಚಿತ್ರ ‘ಶುಕ್ರಾಚಿ ಚಾಂದನಿ’. ಅದನ್ನು ಕೇಳಿ ಮೆಚ್ಚಿದ ಶೇಖ್ ಮುಖ್ತಾರ್, ತಮ್ಮ ‘ಮಂಗೂ’ ಚಿತ್ರಕ್ಕೆ ಮೂರು ಹಾಡು ಹಾಡಿಸಿದರು. ಅಷ್ಟರಲ್ಲಿ ಸಂಗೀತ ನಿರ್ದೇಶಕರೇ ಬದಲಾದರು. ಮೊಹಮ್ಮದ್ ಶಫಿ ಹೋಗಿ ಓ.ಪಿ. ನಯ್ಯರ್ ಬಂದರು. 1954ರಲ್ಲಿ ಚಿತ್ರ ತೆರೆಗೆ ಬಂದಾಗ ಮೂರರಲ್ಲಿ ಉಳಿದದ್ದು ಒಂದು ಜೋಗುಳ ಮಾತ್ರ. ಹದಿನೇಳು ವರ್ಷದ ಹುಡುಗಿ ಅದನ್ನು ಹೇಗೆ ತೆಗೆದುಕೊಂಡಿರಬಹುದು? ನನ್ನ ಮಗಳಿಗೆ ಕಾಲೇಜಿನ ನಾಟಕದಲ್ಲಿ ಪಾತ್ರ ತಪ್ಪಿದಾಗ ಎರಡು ದಿನ ಊಟ ಬಿಟ್ಟಿದ್ದಳು. ಸುಮನ್ ಹಾಡುವುದನ್ನು ಬಿಡಲಿಲ್ಲ. ಅದೇ ವರ್ಷ ‘ದರ್ವಾಜಾ’ ಚಿತ್ರದಲ್ಲಿ ತಲತ್ ಮಹಮೂದರ ಜೊತೆಗೆ ಹಾಡಿದರು.

ಇನ್ನು ದನಿಯ ವಿಷಯ. ತೆಳು, ಮೃದು, ಮೇಲಿನ ಸ್ವರಕ್ಕೆ ಹೋದರೂ ಕೂಗದ ದನಿ. ಲತಾ ಅವರದಕ್ಕೆ ಎಷ್ಟು ಹತ್ತಿರವೆಂದರೆ ನನ್ನಂಥವರು ಮೈಕಿನ ಮುಂದೆ ಮುಖಭಂಗ ಮಾಡಿಕೊಳ್ಳುವಷ್ಟು! ಕಾಲೇಜು ದಿನಗಳಲ್ಲಿ ಲತಾ ಹಾಡುಗಳನ್ನೇ ಹಾಡುತ್ತಿದ್ದೆ, ನನ್ನ ದನಿಯೇ ಸಣ್ಣದು, ಏನು ಮಾಡಲಿ ಎಂದು ಅವರೇ ಸಂದರ್ಶನವೊಂದರಲ್ಲಿ ಹೇಳಿಕೊಂಡಿದ್ದಾರೆ. ರೇಡಿಯೋದಲ್ಲಿ ಹಲವು ಸಲ ಹೆಸರೇ ಹೇಳುತ್ತಿರಲಿಲ್ಲ, ಕೆಲವು ರೆಕಾರ್ಡುಗಳ ಮೇಲೂ ತಪ್ಪು ಹೆಸರು ಬಿದ್ದದ್ದುಂಟು ಎಂದೂ ಹೇಳಿದ್ದಾರೆ. ಎಷ್ಟು ಸಮಾಧಾನದ ಮಾತು ನೋಡಿ! ಮನೆಯಲ್ಲಿ ನಾವು ಮಾಡಿದ ಸಾರನ್ನು ಅತ್ತೆ ಮಾಡಿದ್ದೆಂದು ಯಾರಾದರೂ ಹೊಗಳಿದರೆ ನಮಗೆ ನಿದ್ದೆ ಬರುವುದಿಲ್ಲ.

ಅಂದಹಾಗೆ, ಆ ಇಬ್ಬರೂ ಒಟ್ಟಿಗೆ ಹಾಡಿದ್ದೂ ಉಂಟು. 1959ರ ‘ಚಾಂದ್’ ಚಿತ್ರದಲ್ಲಿ, ಹೇಮಂತ್ ಕುಮಾರ್ ಸಂಗೀತದಲ್ಲಿ. ಮಗನ ಮೊಬೈಲಿನಲ್ಲಿ ಹಾಕಿಸಿಕೊಂಡು, ಕಣ್ಣು ಮುಚ್ಚಿ, ಯಾವ ಸಾಲು ಯಾರದೆಂದು ಗುರುತಿಸಲು ಪ್ರಯತ್ನಿಸಿ. ನಾನು ಮೂರು ಸಲ ಸೋತೆ.

ಜನ ಒಂದು ಮಾತು ಹೇಳುತ್ತಾರೆ. ಅರವತ್ತರ ದಶಕದಲ್ಲಿ ರಾಯಲ್ಟಿ ವಿಷಯಕ್ಕೆ ರಫಿ-ಲತಾ ನಡುವೆ ಮನಸ್ತಾಪವಾಗಿ ಕೆಲವು ವರ್ಷ ಒಟ್ಟಿಗೆ ಹಾಡಲಿಲ್ಲ. ಹಾಡಿಗೆ ಗಾಯಕರಿಗೂ ಮುಂದೆ ಪಾಲು ಬರಬೇಕೆಂದು ಲತಾ, ಒಮ್ಮೆ ಸಂಭಾವನೆ ಪಡೆದ ಮೇಲೆ ಹಕ್ಕು ಮುಗಿಯಿತೆಂದು ರಫಿ. ಆ ತೆರವಿನಲ್ಲಿ ಸುಮನ್‌ಗೆ ಅವಕಾಶ ಸಿಕ್ಕಿತಂತೆ. ಸಿಕ್ಕಿತು ನಿಜ. ರಫಿಯವರ ಜೊತೆ ಅವರ ಯುಗಳಗೀತೆಗಳು ನೂರಕ್ಕೂ ಹೆಚ್ಚು. ‘ರಾಜಕುಮಾರ್’ (1964), ‘ಜಬ್ ಜಬ್ ಫೂಲ್ ಖಿಲೇ’ (1965), ಎಷ್ಟೆಂದು ಹೇಳಲಿ. ಆದರೆ ಬರಿಯ ಜಗಳದ ಲಾಭ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಮನಸ್ತಾಪಕ್ಕೆ ಮುಂಚೆಯೇ, 1962ರಲ್ಲಿ, ಎಸ್.ಡಿ. ಬರ್ಮನ್ ‘ಬಾತ್ ಏಕ್ ರಾತ್ ಕೀ’ಗೆ ಇವರಿಂದ ಹಾಡಿಸಿದ್ದರಲ್ಲ? ‘ಶಗೂನ್’ (1964) ಚಿತ್ರದಲ್ಲಿ ಖಯ್ಯಾಮ್ ಹಾಡಿಸಿದ್ದನ್ನು ಕೇಳಿ. ಅಲ್ಲಿ ಒಬ್ಬರೇ ಹಾಡಿದ ವಿಷಾದದ ಹಾಡೊಂದಿದೆ, ದೀಪ ಆರಿಸಿ ಕೂತವಳ ಹಾಡು. ಅದನ್ನು ಯಾರ ಬದಲಿಗೂ ಹಾಡಿದ್ದಲ್ಲ.

ಇನ್ನೊಂದು ಸಂಗತಿ ಗಮನಿಸಿ. ‘ನೂರ್ ಮಹಲ್’ (1965) ಚಿತ್ರ ಯಾರಿಗೆ ನೆನಪಿದೆ? ಸಣ್ಣ ಬಂಡವಾಳದ ಚಿತ್ರ, ಸಂಗೀತ ಜಾನಿ ಬಾಬು ಕವ್ವಾಲ್ ಅವರದು. ನಾಯಕ ಯಾರೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಬಾಯಿ ಬಿಡುವುದಿಲ್ಲ. ಆದರೆ ಸುಮನ್ ಹಾಡಿದ ಹಾಡು ಶುರುವಾದರೆ ಟ್ಯಾಕ್ಸಿಯವನೂ ರೇಡಿಯೋ ದನಿ ಏರಿಸುತ್ತಾನೆ. ಸಿನಿಮಾ ಮುಳುಗಿದರೂ ಹಾಡು ತೇಲಿ ದಡ ಸೇರಿದೆ, ಹಾಡಿದವರ ಹೆಸರೊಂದನ್ನು ಬಿಟ್ಟು.

ನನ್ನ ತಮ್ಮ ಕುವೈತಿನಲ್ಲಿದ್ದಾಗಿನ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಅವನ ಆಫೀಸಿನಲ್ಲಿ ಈಜಿಪ್ಟಿನವರಿದ್ದರು. ಅವರು ಕೊಟ್ಟ ಒಂದು ಕ್ಯಾಸೆಟ್ ರಜೆಗೆ ಬಂದಾಗ ತಂದಿದ್ದ. ಹಾಡಿದವರು ಉಮ್ ಕುಲ್ಸುಮ್. ಒಂದೇ ಹಾಡು ಮುಗಿಯುವುದೇ ಇಲ್ಲ! ನೈಲ್ ನದಿಯ ಬಯಲಿನ ಹಳ್ಳಿಯ, ಮಸೀದಿಯ ಇಮಾಮರ ಮಗಳು. ಬಾಲ್ಯದಲ್ಲಿ ಹುಡುಗನ ವೇಷ ಹಾಕಿಸಿ ತಂದೆ ಹಾಡಿಸುತ್ತಿದ್ದರಂತೆ. ಮುಂದೆ ತಿಂಗಳ ಮೊದಲ ಗುರುವಾರ ರಾತ್ರಿ ರೇಡಿಯೋದಲ್ಲಿ ಆಕೆಯ ಹಾಡು ಎಂದರೆ ಅರಬರ ನಾಡೆಲ್ಲ ಕಿವಿಯಾಗುತ್ತಿತ್ತು. 1975ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಕೈರೋದ ಬೀದಿಗಳಲ್ಲಿ ಲಕ್ಷ ಲಕ್ಷ ಜನ. “ಅಕ್ಕಾ, ಅವರ ಮುಂದೆ ಆಕೆಯ ಹೆಸರು ಹೇಳಿದರೆ ಸಾಕು, ಚಹಾ ಕುಡಿಸದೆ ಬಿಡೋದಿಲ್ಲ” ಅಂದಿದ್ದ ತಮ್ಮ. ಆ ಮಾತು ಈಗ ಚುಚ್ಚಿತು. ಅಲ್ಲಿ ಹೆಸರು ಮುಂದೆ, ದನಿ ಹಿಂದೆ. ನಮ್ಮಲ್ಲಿ ದನಿ ಮನೆಮನೆಯಲ್ಲಿದೆ, ಹೆಸರಿಗೆ ಬಾಗಿಲು ತೆರೆದವರು ಕಡಿಮೆ.

ಕಾಲೇಜಿನಲ್ಲಿ ಓದಿದ ಗ್ರೇ ಕವಿಯ ಆ ಮರುಭೂಮಿಯ ಹೂವನ್ನು ಇಲ್ಲಿ ಅಂಟಿಸೋಣ ಎನಿಸಿತು, ಸುಮನ್ ಎಂದರೂ ಹೂವೇ ತಾನೆ. ಬರೆದು ಹೊಡೆದು ಹಾಕಿದೆ. ಇದು ಯಾರೂ ಮೂಸದೆ ಬಾಡಿದ ಹೂವಲ್ಲ. ಪ್ರತಿ ರಕ್ಷಾಬಂಧನಕ್ಕೆ ಈ ಊರಿನ ಧ್ವನಿವರ್ಧಕಗಳಲ್ಲಿ ಮೊಳಗುವ ‘ರೇಶಮ್ ಕೀ ಡೋರಿ’ (1974) ಚಿತ್ರದ ಹಾಡು ಅವರದೇ. ಅದಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿಯ ನಾಮಕರಣವಾಗಿತ್ತು, ಅಷ್ಟೇ.

ಮರಾಠಿಯವರು ಈ ವಿಷಯದಲ್ಲಿ ನಮಗಿಂತ ಜಾಣರು. ನಮ್ಮ ಕಟ್ಟಡದ ನೆರೆಯಾಕೆಗೆ ಈ ಕತೆ ಹೇಳಿದರೆ, “ಅಯ್ಯೋ, ಅವರು ನಮ್ಮ ಸುಮನ್‌ತಾಯಿ” ಅಂದಳು. ಆಕೆಯ ಮೂವರು ಮಕ್ಕಳೂ ಮಲಗಿದ್ದು 1977ರ ಮರಾಠಿ ಚಿತ್ರವೊಂದರ ಜೋಗುಳಕ್ಕೆ. ಚೌತಿಯ ಬೆಳಗ್ಗೆ ಅವರ ಮನೆಯಲ್ಲಿ ಮೊದಲು ಏಳುವುದೂ ಸುಮನ್ ಹಾಡಿದ ಗಣಪತಿಯ ಅಭಂಗವೇ. ಅವಳ ಮುಂದೆ ಹೆಮ್ಮಾಡಿಯ ದಾರಿ ವಿವರಿಸಿ ನಾನು ಜಗಳಕ್ಕೆ ನಿಲ್ಲಲಿಲ್ಲ. ಮನೆಮಾತು ಕೊಂಕಣಿ, ಹುಟ್ಟಿದ್ದು ಬಂಗಾಳದ ನೆಲ, ಬೆಳೆದದ್ದು ಮುಂಬಯಿ, ಹಾಡಿದ್ದು ಕನ್ನಡವೂ ಸೇರಿ ಹತ್ತಾರು ಭಾಷೆಗಳಲ್ಲಿ. ಯಾರು ಬೇಕಾದರೂ ‘ನಮ್ಮ’ ಅನ್ನಲಿ. ಆದರೆ ಅನ್ನುವವರು ಮೊದಲು ಗುರುತು ಹಿಡಿಯಬೇಕಷ್ಟೆ. ನಾನು ಹಿಡಿದಿರಲಿಲ್ಲ.

ಪತಿ ರಮಾನಂದರು ಪ್ರತಿ ಧ್ವನಿಮುದ್ರಣಕ್ಕೂ ಜೊತೆಗೆ ಬರುತ್ತಿದ್ದರಂತೆ. ಎಂಬತ್ತರ ದಶಕದ ನಂತರ ಸುಮನ್ ಚಿತ್ರಗಳಲ್ಲಿ ಹಾಡಿದ್ದು ಕಡಿಮೆ. ಸಭೆ-ಸಮಾರಂಭಗಳಿಂದಲೂ ದೂರವೇ ಇದ್ದರು. 2023ರಲ್ಲಿ, ಎಂಬತ್ತಾರನೆಯ ವಯಸ್ಸಿನಲ್ಲಿ ಪದ್ಮಭೂಷಣ ಬಂತು. ಟಿ.ವಿ.ಯಲ್ಲಿ ನೋಡುತ್ತ ನಮ್ಮವರು, “ಇವರಿಗೆ ಇಷ್ಟು ದಿನ ಕೊಟ್ಟಿರಲಿಲ್ಲವೇ?” ಎಂದು ಕೇಳಿದ್ದರು. ನಾನು ಅಡಿಗೆಮನೆಯಿಂದಲೇ “ಯಾರಿಗೆ?” ಅಂದಿದ್ದೆ.

ಮೊನ್ನೆ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ ಇಳಿಸಿದೆ. ನಾನೇ ಮದುವೆಗೆ ಮುಂಚೆ ರೇಡಿಯೋದಿಂದ ತುಂಬಿಸಿದ ಕ್ಯಾಸೆಟ್ಟುಗಳು, ಮೇಲೆ ನನ್ನದೇ ದುಂಡು ಅಕ್ಷರ: ‘ಲತಾ – ಮಧುರ ಗೀತೆಗಳು’. ಟೇಪ್ ರೆಕಾರ್ಡರ್ ಕೆಟ್ಟು ಎಷ್ಟೋ ವರ್ಷವಾಗಿದೆ, ಹಾಡಿನ ಪಟ್ಟಿ ಮಾತ್ರ ಒಳಗಿತ್ತು. ಹನ್ನೆರಡರಲ್ಲಿ ನಾಲ್ಕು ಸುಮನ್ ಅವರವು. ಮೊಮ್ಮಗಳ ಸ್ಕೆಚ್ ಪೆನ್ನು ತೆಗೆದುಕೊಂಡು ಆ ನಾಲ್ಕರ ಪಕ್ಕದಲ್ಲಿ ಹೆಸರು ಬರೆದೆ. ಮುಂದಿನ ಕಾರ್ಯಕ್ರಮಕ್ಕೆ ಆ ಹಿರಿಯರು ಬಂದರೆ ತೋರಿಸಬೇಕು. ಅವರನ್ನು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಕರೆದುಕೊಂಡು ಬನ್ನಿ. ಎದುರು ಸಾಲಿನಲ್ಲಿ ಕುರ್ಚಿ ಇಟ್ಟಿರುತ್ತೇನೆ.