ಚಾಕುವಿನ ಬೆಲೆ ಮತ್ತು ಕಂಬಾರನ ಆಯ

ಕಾಯಕನಿರತವಾದ ಕೈಗೆ ಸಾಧನವೊಂದು ಬೇಕೇ ಬೇಕು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹಲವರು ಇಂದಿಗೂ ತಮ್ಮ ಕಾಯಕದ ಹೆಸರಿನಿಂದಲೇ ಸ್ಮರಣೀಯರಾಗಿದ್ದಾರೆ. ಅವರಲ್ಲಿ ಬಡಗಿ ಕಾಯಕದ ಬಸವಯ್ಯನವರ ಹೆಸರಿಗೆ ಅವರ ಸಾಧನವೇ ಸೇರಿಕೊಂಡಿದೆ. ಅವರು ‘ಬಾಚಿ ಕಾಯಕದ ಬಸವಯ್ಯ’ ಎಂದೇ ಪ್ರಸಿದ್ಧರು. ಮರವನ್ನು ಕೆತ್ತುವ ಒಂದು ಬಾಚಿ ಒಬ್ಬ ವಚನಕಾರರ ಹೆಸರಿನೊಡನೆ ಎಂಟು ನೂರು ವರ್ಷಗಳಿಂದ ಉಳಿದುಬಂದಿರುವುದು ಸಾಮಾನ್ಯ ಸಂಗತಿಯೇನಲ್ಲ. ಸಾಧನವನ್ನು ಹೇಗೆ ಕೊಳ್ಳಬೇಕು, ಎಷ್ಟು ಇಟ್ಟುಕೊಳ್ಳಬೇಕು, ಹೇಗೆ ನಡೆಸಿಕೊಳ್ಳಬೇಕು ಎಂಬ ವಿಚಾರ ಕಾಯಕದ ವಿಚಾರದೊಳಗೇ ಬರುತ್ತದೆ.

ಮನೆಮನೆಯಲ್ಲಿರುವ ಚಾಕುವನ್ನೇ ನೋಡಬಹುದು. ಇಂದು ಇದರ ವಿಷಯದಲ್ಲಿ ಎರಡು ಬಗೆಯ ನಡೆ ಕಂಡುಬರುತ್ತದೆ. ಮೊದಲನೆಯವರು ಸಂತೆಯಲ್ಲಿ, ಜಾತ್ರೆಯಲ್ಲಿ, ಮೊಬೈಲಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಚಾಕುಗಳನ್ನೆಲ್ಲ ಕೊಳ್ಳುತ್ತಾರೆ. ಒಂದು ಮೊಂಡಾದರೆ ಇನ್ನೊಂದು, ಹಿಡಿ ಸಡಿಲವಾದರೆ ಮತ್ತೊಂದು. ಕೊನೆಗೆ ಗೂಡಿನಲ್ಲಿ ಏಳೆಂಟು ಚಾಕುಗಳಿರುತ್ತವೆ. ಟೊಮೆಟೊ ಹಣ್ಣಿನ ಸಿಪ್ಪೆಯನ್ನು ಸರಿಯಾಗಿ ಸೀಳುವುದು ಅವುಗಳಲ್ಲಿ ಒಂದೂ ಇರುವುದಿಲ್ಲ. ಎರಡನೆಯವರು ಇದ್ದ ಮೊಂಡು ಚಾಕುವಿನಲ್ಲೇ ವರ್ಷಗಟ್ಟಲೆ ಹೆಣಗಾಡುತ್ತ, ಜರ್ಮನಿಯದೋ ಜಪಾನಿನದೋ ಸಾವಿರಾರು ರೂಪಾಯಿಯ ಚಾಕುವಿಗಾಗಿ ಹಣ ಕೂಡಿಡುತ್ತಾರೆ. ಅದು ಮನೆಗೆ ಬಂದ ಮೇಲೆ ಹಾಳಾದೀತೆಂಬ ಭಯದಿಂದ ಪೆಟ್ಟಿಗೆಯಿಂದ ಹೊರತೆಗೆಯುವುದೇ ಅಪರೂಪ. ಇವರಿಬ್ಬರಲ್ಲಿ ಯಾರ ನಡೆ ಸರಿ ಎಂದು ಕೇಳುವವರು ಅನೇಕರು. ಇದಕ್ಕೆ ಉತ್ತರ ಅಂಗಡಿಯಲ್ಲಿ ದೊರೆಯುವಂಥದಲ್ಲ. ರೋಣ ತಾಲ್ಲೂಕಿನ ಸವಡಿಯಂಥ ಒಕ್ಕಲುತನದ ಊರುಗಳ ಹಳೆಯ ನಡಾವಳಿಯಲ್ಲಿ ಅದು ದೊರೆಯುತ್ತದೆ.

ಸವಡಿಯ ಸುತ್ತಲಿನದು ಎರೆಭೂಮಿಯ ಸೀಮೆ. ಹಿಂಗಾರಿನ ಬಿಳಿಜೋಳ, ಕಡಲೆ, ಗೋಧಿ ಇಲ್ಲಿಯ ಬೆಳೆಗಳು. ಸುಗ್ಗಿಯ ಕಾಲದಲ್ಲಿ ಕುಡಗೋಲು ಕೈಯಿಂದ ಇಳಿಯುವಂತಿಲ್ಲ. ಮನೆಯೊಳಗೆ ಈಳಿಗೆಗೆ ಬಿಡುವಿಲ್ಲ. ಸಮಗಾರನ ರಂಪಿಗೆ, ಬಡಗಿಯ ಉಳಿ ಬಾಚಿಗಳಿಲ್ಲದೆ ಊರಿನ ಬಾಳು ಸಾಗದು. ಈ ಎಲ್ಲ ಅಲಗುಗಳ ಹಿಂದೆ ಇದ್ದವನು ಕಂಬಾರ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅವನು ಆಯಗಾರರಲ್ಲಿ ಒಬ್ಬನಾಗಿದ್ದ. ಒಕ್ಕಲಿಗನು ಪ್ರತಿ ಸಲ ರೊಕ್ಕ ಕೊಟ್ಟು ಕುಡಗೋಲನ್ನು ಹಣಿಸುತ್ತಿರಲಿಲ್ಲ. ಸುಗ್ಗಿಯಾದ ಮೇಲೆ ಕಣದಲ್ಲಿ ಜೋಳದ ರಾಶಿಯಿಂದ ಕಂಬಾರನಿಗೆ ಅವನ ಆಯವನ್ನು ಅಳೆದುಕೊಡುತ್ತಿದ್ದ. ಕಂಬಾರನು ವರ್ಷವಿಡೀ ಆ ಮನೆಯ ಕುಳ, ಕುಡಗೋಲು, ಕೊಡಲಿಗಳನ್ನು ಕಾಸಿ, ಹಣಿದು, ಹದಮಾಡಿ ಕೊಡುತ್ತಿದ್ದ.

ಈ ವ್ಯವಸ್ಥೆಯಲ್ಲಿ ಅಡಗಿದ್ದ ತಿಳಿವಳಿಕೆಯನ್ನು ಗಮನಿಸಬೇಕು. ಅಲಗಿನ ಬೆಲೆ ಕೊಂಡ ದಿನ ಮುಗಿಯುವುದಿಲ್ಲ, ಅದು ಬಾಳುವಷ್ಟು ಕಾಲ ಮೊನಚಿನ ಆರೈಕೆ ನಡೆಯಬೇಕು ಎಂಬುದನ್ನು ಆ ಲೆಕ್ಕವೇ ಒಪ್ಪಿಕೊಂಡಿತ್ತು. ಕುಡಗೋಲು ಮೊಂಡಾದರೆ ಹೊಸದನ್ನು ಕೊಳ್ಳಬೇಕೆಂಬ ಯೋಚನೆಯೇ ಹುಟ್ಟುತ್ತಿರಲಿಲ್ಲ. ಆರೈಕೆಗೆ ಕೊಡಬೇಕಾದ ಕಾಳು ಮೊದಲೇ ಗೊತ್ತಾಗಿರುತ್ತಿತ್ತು. ಇಂದಿನ ಕೊಳ್ಳುವವನು ಅಗ್ಗದ್ದನ್ನು ಆರಿಸಿದರೂ ದುಬಾರಿಯದನ್ನು ಆರಿಸಿದರೂ ಮರೆಯುವುದು ಈ ಎರಡನೆಯ ವೆಚ್ಚವನ್ನೇ. ಆಯ ಪದ್ಧತಿಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ಹುಟ್ಟಿನಿಂದ ಕೆಲಸವನ್ನು ಗೊತ್ತುಮಾಡುವ ಕಟ್ಟು ಅದರೊಳಗಿತ್ತು. ಬರ ಬಂದ ವರ್ಷ ಕಂಬಾರನ ಪಾಲೂ ಬರಿದಾಗುತ್ತಿತ್ತು. ಆ ಕಟ್ಟು ಮರಳಿ ಬರಬೇಕಾಗಿಲ್ಲ. ಅದರೊಳಗಿನ ಲೆಕ್ಕಾಚಾರ ಮಾತ್ರ ಮರೆಯುವಂಥದಲ್ಲ.

ಅಗ್ಗದ ಚಾಕು ಬೇಗ ಮೊಂಡಾಗುವುದಕ್ಕೆ ಕಾರಣವಿದೆ. ಉಕ್ಕು ಗಟ್ಟಿಯಾಗುವುದು ಅದರಲ್ಲಿರುವ ಇಂಗಾಲದಿಂದ. ಇಂಗಾಲ ನೂರಕ್ಕೆ ಕಾಲು ಭಾಗಕ್ಕಿಂತ ಕಡಿಮೆಯಿರುವ ಮೆದು ಕಬ್ಬಿಣವನ್ನು ಎಷ್ಟು ಕಾಸಿ ನೀರಿಗೆ ಅದ್ದಿದರೂ ಅಲಗಿಗೆ ತಕ್ಕ ಗಡಸುತನ ಬಾರದು. ನೂರಕ್ಕೆ ಅರ್ಧ ಭಾಗ ದಾಟಿದ ಉಕ್ಕು ಹದವನ್ನು ಚೆನ್ನಾಗಿ ಹಿಡಿಯುತ್ತದೆ. ಹಳ್ಳಿಯ ಕಂಬಾರರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಹುಡುಕಿ ತಂದು ಕುಡಗೋಲು, ಕೊಡಲಿ ಮಾಡುವುದು ಇದರಿಂದಲೇ. ಆ ಪಟ್ಟಿಯ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ನೂರಕ್ಕೆ 0.5ರಿಂದ 0.6ರಷ್ಟಿರುತ್ತದೆ. ಕಾದ ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಲ್ಲಿಂದ ಇನ್ನೂ ಸ್ವಲ್ಪ ಕಾಸಿ ಥಟ್ಟನೆ ತಣಿಸಿದರೆ ಅದು ಗಡುಸಾಗುತ್ತದೆ, ಆದರೆ ಗಾಜಿನಂತೆ ಒಡೆಯುವ ಗುಣವೂ ಬರುತ್ತದೆ. ಆಮೇಲೆ ಮತ್ತೆ ಹಿತವಾಗಿ ಕಾಸಿ ಆ ಬಿರುಸನ್ನು ಇಳಿಸಬೇಕು. ಮಾಪಕವಿಲ್ಲದೆ ಬೆಂಕಿಯ ಬಣ್ಣವನ್ನೇ ನೋಡಿ ಕಂಬಾರನು ಇದನ್ನು ಸಾಧಿಸುತ್ತಾನೆ. ತೆಳುವಾದ ಮೆದು ತಗಡಿನಿಂದ ಕತ್ತರಿಸಿ ತೆಗೆದ ಅತಿ ಅಗ್ಗದ ಚಾಕುವಿಗೆ ಈ ಸಂಸ್ಕಾರ ದೊರೆತಿರುವುದಿಲ್ಲ.

ಹಾಗೆಂದು ದುಬಾರಿ ಚಾಕು ಎಲ್ಲರಿಗೂ ಒಳ್ಳೆಯದೆನ್ನಲಾಗದು. ಗಡಸುತನವನ್ನು ರಾಕ್‌ವೆಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಯೂರೋಪಿನ ಸಾಮಾನ್ಯ ಅಡುಗೆ ಚಾಕುಗಳು ಆ ಮಾನದಲ್ಲಿ 55–58ರ ಆಸುಪಾಸಿನಲ್ಲಿದ್ದರೆ, ಜಪಾನಿನ ಬೆಲೆಬಾಳುವ ಚಾಕುಗಳಲ್ಲಿ ಅನೇಕವು 60ನ್ನು ದಾಟುತ್ತವೆ. ಗಡಸು ಹೆಚ್ಚಿದಷ್ಟೂ ಮೊನಚು ಹೆಚ್ಚು ದಿನ ನಿಲ್ಲುತ್ತದೆ. ಜೊತೆಗೆ ಅಂಚು ಸೀಳುವ ಭಯವೂ ಹೆಚ್ಚುತ್ತದೆ. ಒಣಕೊಬ್ಬರಿ ಒಡೆಯುವ, ಬೆಲ್ಲದ ಪೆಂಟೆ ಕುಟ್ಟುವ, ಕುಂಬಳಕಾಯಿ ಸೀಳುವ ನಮ್ಮ ಅಡುಗೆಮನೆಯಲ್ಲಿ ಅಂಥ ತೆಳ್ಳನೆಯ ಅಂಚು ಒಂದೇ ದಿನದಲ್ಲಿ ಮುಕ್ಕಾಗಬಹುದು. ಅದನ್ನು ಮತ್ತೆ ಮಸೆಯಲು ನುಣುಪಾದ ಕಲ್ಲು, ತಾಳ್ಮೆ, ಅಭ್ಯಾಸ ಬೇಕು. ಇವಿಲ್ಲದವನ ಕೈಯಲ್ಲಿ ಹತ್ತು ಸಾವಿರದ ಚಾಕುವೂ ವರ್ಷದೊಳಗೆ ನೂರು ರೂಪಾಯಿಯ ಚಾಕುವಿಗೆ ಸಮನಾಗುತ್ತದೆ.

ಉತ್ತಮ ಉಕ್ಕು ಎಂದೊಡನೆ ಹೊರದೇಶವನ್ನೇ ನೆನೆಯುವ ಅಭ್ಯಾಸವೂ ಇಂದು ಬೆಳೆದಿದೆ. ಒಂದು ಕಾಲದಲ್ಲಿ ಹೊರದೇಶದವರು ಉತ್ತಮ ಉಕ್ಕಿಗಾಗಿ ಇತ್ತ ನೋಡುತ್ತಿದ್ದರು. ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿಸಿದ ಉಕ್ಕು ‘ವೂಟ್ಸ್’ ಎಂಬ ಹೆಸರಿನಿಂದ ಜಗತ್ತಿನಲ್ಲೆಲ್ಲ ಖ್ಯಾತವಾಗಿತ್ತು. ಆ ಹೆಸರು ಕನ್ನಡದ ‘ಉಕ್ಕು’ ಎಂಬುದರಿಂದಲೇ ಬಂದುದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಉಕ್ಕಿನ ಮೂಸೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಮತ್ತು ವಿಜ್ಞಾನಿ ಮೈಕೇಲ್ ಫ್ಯಾರಡೆ 1820ರ ಸುಮಾರಿಗೆ ಇದೇ ಉಕ್ಕಿನ ಗುಟ್ಟನ್ನು ಅರಿಯಲು ಪ್ರಯೋಗಗಳನ್ನು ನಡೆಸಿದರು. ಈ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಒಂದೂವರೆಯಷ್ಟಿದ್ದುದರಿಂದ ಅದನ್ನು ಅತಿಯಾಗಿ ಕಾಸಿ ಬಡಿದರೆ ಅದು ಒಡೆದು ಚೂರಾಗುತ್ತಿತ್ತು. ಮಿತವಾದ ಶಾಖದಲ್ಲಿ ತಾಳ್ಮೆಯಿಂದ ಬಡಿಯಬಲ್ಲವನಿಗೆ ಮಾತ್ರ ಅದು ಒಲಿಯುತ್ತಿತ್ತು. ಶ್ರೇಷ್ಠವಾದ ವಸ್ತುವನ್ನು ಪಡೆದರೆ ಸಾಲದು, ಅದನ್ನು ನಡೆಸಿಕೊಳ್ಳುವ ವಿದ್ಯೆಯೂ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಮೊಂಡು ಅಲಗಿನ ನಷ್ಟ ಅಡುಗೆಮನೆಗಿಂತ ಹೊಲದಲ್ಲಿ ಹೆಚ್ಚು ತಿಳಿಯುತ್ತದೆ. ಕೊಯ್ಲನ್ನು ಗುತ್ತಿಗೆ ಹಿಡಿದ ಹೆಣ್ಣುಮಕ್ಕಳಿಗೆ ಕುಡಗೋಲಿನ ಮೊನಚೇ ದಿನದ ಗಳಿಕೆ. ಮಲೆನಾಡಿನಲ್ಲಿ ಮೆಟ್ಟುಗತ್ತಿಯ ಮೇಲೆ ಹಸಿ ಅಡಿಕೆ ಸುಲಿಯುವವರಿಗೂ ಸುಲಿದಷ್ಟೇ ಕೂಲಿ. ಅಲಗು ಮೊಂಡಾದರೆ ಡಬ್ಬ ತುಂಬದು. ಮೊಂಡು ಅಲಗಿಗೆ ಬಲ ಹೆಚ್ಚು ಹಾಕಬೇಕು, ಬಲ ಹೆಚ್ಚಾದಾಗ ಕೈ ಜಾರುತ್ತದೆ, ಗಾಯಗಳಾಗುವುದು ಹೀಗೆಯೇ. ದುಬಾರಿ ಸಾಧನಕ್ಕಾಗಿ ಎರಡು ವರ್ಷ ಹಣ ಕೂಡಿಡುತ್ತ ಮೊಂಡು ಕುಡಗೋಲಿನಲ್ಲೇ ದುಡಿಯುವವಳು ತನ್ನ ಕೂಲಿಯನ್ನೂ ಮೊಣಕೈಯ ಬಲವನ್ನೂ ಆ ಎರಡು ವರ್ಷ ಕಳೆದುಕೊಳ್ಳುತ್ತಾಳೆ. ಆ ನಷ್ಟವನ್ನು ಉಳಿತಾಯದ ಲೆಕ್ಕದಲ್ಲಿ ಯಾರೂ ಬರೆಯುವುದಿಲ್ಲ. ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯು ‘ನವೀನ್’ ಎಂಬ ಹಲ್ಲುಳ್ಳ ಹಗುರ ಕುಡಗೋಲನ್ನು ರೂಪಿಸಿರುವುದು ಇಂಥವರ ಶ್ರಮವನ್ನು ಇಳಿಸುವುದಕ್ಕಾಗಿ.

ಅಗ್ಗದ್ದೇ ಸರಿಯಾದ ಎಡೆಗಳೂ ಇವೆ. ಕ್ಷೌರದ ಕಾಯಕದವರು ಹಿಂದೆ ಒಂದೇ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ತೀಡಿ ಎಲ್ಲರಿಗೂ ಬಳಸುತ್ತಿದ್ದರು. ರಕ್ತದಿಂದ ಹರಡುವ ಹೆಪಟೈಟಿಸ್, ಎಚ್‌ಐವಿ ಸೋಂಕುಗಳ ಅರಿವು ಬಂದ ಮೇಲೆ ಪ್ರತಿಯೊಬ್ಬರಿಗೂ ಹೊಸ ಅರ್ಧ ಬ್ಲೇಡು ಹಾಕುವುದು ವಾಡಿಕೆಯಾಯಿತು. ಅಲ್ಲಿ ಅಗ್ಗದ, ಒಮ್ಮೆ ಬಳಸಿ ಬಿಸುಡುವ ಅಲಗೇ ಧರ್ಮ. ಹಾಗೆಯೇ ಅಡುಗೆ ಕಲಿಯುವ ಮಗುವಿನ ಕೈಗೆ, ಹೊಸದಾಗಿ ಸಂಸಾರ ಹೂಡಿದ ಬಡವರ ಮನೆಗೆ ಅಗ್ಗದ ಚಾಕು ಬರುವುದರಲ್ಲಿ ತಪ್ಪೇನೂ ಇಲ್ಲ. ಆ ಒಂದನ್ನು ಮಸೆಯಲು ಕಲಿತವನಿಗೆ ಮುಂದಿನದನ್ನು ಆರಿಸುವ ಕಣ್ಣು ತಾನಾಗಿ ಬರುತ್ತದೆ.

ತಪ್ಪಿರುವುದು ಎಣಿಕೆ ಹೆಚ್ಚಿಸುವುದರಲ್ಲಿ. ಅರವತ್ತು ರೂಪಾಯಿಯ ಚಾಕುವನ್ನು ಆರು ತಿಂಗಳಿಗೊಮ್ಮೆ ಬದಲಿಸುವ ಮನೆಯನ್ನು ಎಣಿಸೋಣ. ಹತ್ತು ವರ್ಷದಲ್ಲಿ ಇಪ್ಪತ್ತು ಚಾಕು, ಸಾವಿರದ ಇನ್ನೂರು ರೂಪಾಯಿ. ಇಷ್ಟು ವೆಚ್ಚ ಮಾಡಿಯೂ ಆ ಮನೆಯವರು ಹತ್ತು ವರ್ಷದ ಬಹುಭಾಗವನ್ನು ಮೊಂಡು ಅಲಗಿನಲ್ಲೇ ಕಳೆದಿರುತ್ತಾರೆ. ಮುನ್ನೂರು ರೂಪಾಯಿಯ ಒಂದು ಗಟ್ಟಿ ಚಾಕು, ಇನ್ನೂರರ ಒಂದು ಮಸೆಗಲ್ಲು, ಆಗಾಗ ಸಾಣೆಗೆ ಕೊಡಲು ಉಳಿದ ಹಣ ಎಂದು ಅದೇ ಮೊತ್ತವನ್ನು ಹಂಚಿದ್ದರೆ ಮೊನಚೂ ಇರುತ್ತಿತ್ತು, ಕಸವೂ ಆಗುತ್ತಿರಲಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅಂದಿನ ಅಗತ್ಯಕ್ಕೆ ಮೀರಿದ್ದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗ ಭಕ್ತರಿಗೆಲ್ಲ ಪರಿಚಿತ. ಆ ತಾಯಿಯ ಕಣ್ಣಿಗೆ ಏಳೆಂಟು ಮೊಂಡು ಚಾಕುಗಳ ಗೂಡು ಬಿದ್ದಿದ್ದರೆ ಏನೆನ್ನುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ. ಪೆಟ್ಟಿಗೆಯಲ್ಲಿ ಪೂಜೆಗಿಟ್ಟಂತೆ ಕುಳಿತ ಒಂದು ಬೆಲೆಬಾಳುವ ಚಾಕುವನ್ನೂ ಆಕೆ ಬಿಡುತ್ತಿರಲಿಲ್ಲ. ಕಾಯಕಕ್ಕೆ ಒದಗದ ಸಾಧನವು ಎಷ್ಟೇ ಶ್ರೇಷ್ಠವಾದರೂ ಸಂಗ್ರಹವೇ ಸರಿ.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಮೊಂಡಾದುದನ್ನು ಬಿಸುಟು ಹೊಸದನ್ನು ಕೊಳ್ಳುವ ಅಭ್ಯಾಸದಿಂದ ಸಾಣೆಯವನಿಗೂ ಕಂಬಾರನಿಗೂ ಕೆಲಸ ತಪ್ಪುತ್ತದೆ. ದುಬಾರಿ ಚಾಕುವಿನ ಹಣವೂ ದೂರದ ಊರಿಗೇ ಹೋಗುತ್ತದೆ. ಒಂದು ಕುಲುಮೆ ಆರಿದರೆ ಆರುವುದು ಅದೊಂದೇ ಅಲ್ಲ. ಊರಿನ ಪ್ರತಿಯೊಂದು ಅಲಗನ್ನೂ ಮತ್ತೆ ಬದುಕಿಸುವ ಕೈ ಇಲ್ಲವಾಗುತ್ತದೆ. ಆಗ ಒಳ್ಳೆಯ ಚಾಕು ಕೊಂಡವನಿಗೂ ಅದು ಮೊಂಡಾದ ದಿನ ಹೊಸದನ್ನು ಕೊಳ್ಳದೆ ಗತಿಯಿಲ್ಲ. ಬಡವನು ಮತ್ತೆ ಮತ್ತೆ ಅಗ್ಗದ್ದನ್ನೇ ಕೊಳ್ಳುವ ಬಲೆಯಲ್ಲಿ ಬೀಳುವುದು ತನ್ನ ಅವಿವೇಕದಿಂದಲೇ ಎನ್ನಲಾಗದು. ಹದಮಾಡಿ ಕೊಡುವವರು ಊರಲ್ಲಿ ಉಳಿಯದಿರುವುದೂ ಅದಕ್ಕೆ ಕಾರಣ.

ಆದುದರಿಂದ ಸದ್ಭಕ್ತರ ಮನೆಗೆ ಉಚಿತವಾದ ಮಾರ್ಗ ನಡುವಿನದು. ಅತ್ಯುತ್ತಮವಾದುದಕ್ಕೆ ಕಾಯುವುದೂ ಬೇಡ, ಕಂಡಕಂಡುದನ್ನು ಕೊಳ್ಳುವುದೂ ಬೇಡ. ಹದ ಹಿಡಿಯುವ ಉಕ್ಕಿನ, ಊರಲ್ಲೇ ಮಸೆಯಬಹುದಾದ, ದಿನವೂ ಭಯವಿಲ್ಲದೆ ಬಳಸಬಹುದಾದ ಒಂದು ಚಾಕು, ಒಂದು ಈಳಿಗೆ ಸಾಕು. ಉಕ್ಕಿನ ಅಲಗನ್ನು ತೊಳೆದು ಕೂಡಲೇ ಒರೆಸಿದರೆ ತುಕ್ಕು ಹಿಡಿಯದು. ಮಸೆಗಲ್ಲು ಇಲ್ಲದಿದ್ದರೆ ಪಿಂಗಾಣಿ ಬಟ್ಟಲಿನ ತಳದ ಒರಟು ಅಂಚಿನ ಮೇಲೆ ಹತ್ತಾರು ಸಲ ಎಳೆದರೂ ಮೊನಚು ಮರಳುತ್ತದೆ. ಹೊಸ ಚಾಕುವಿಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲನ್ನು ವರ್ಷಕ್ಕೊಮ್ಮೆ ಕುಲುಮೆಗೆ, ಸಾಣೆಗೆ ಎಂದು ತೆಗೆದಿಡಬೇಕು. ಜೋಳದ ಬದಲು ರೊಕ್ಕದಲ್ಲಿ ಕೊಟ್ಟರೂ ಅದು ಆಯವೇ. ಗೂಡಿನಲ್ಲಿ ಬಿದ್ದಿರುವ ಮೊಂಡು ಚಾಕುಗಳಲ್ಲಿ ಗಟ್ಟಿಯಾದುದನ್ನು ಆರಿಸಿ, ಈ ಸುಗ್ಗಿಗೆ ಕುಡಗೋಲು ಹಣಿಸಲು ಹೋಗುವಾಗ ಅದನ್ನೂ ಜೊತೆಗೆ ಒಯ್ದರೆ, ಹೊಸದೊಂದನ್ನು ಕೊಳ್ಳುವ ಅಗತ್ಯವೇ ಬಾರದಿರಬಹುದು.