ಹಳೆಯ ಎಂಜಿನ್ನಿನ ನಾಡಿ ಪರೀಕ್ಷೆ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಕಮಲಾಪುರ, ಕೆಂಪು ಬಾಳೆಗೆ ಹೆಸರಾದ ಊರು. ಅಲ್ಲಿಯ ಒಂದು ಮನೆಯಲ್ಲಿ ಮುತ್ಯಾನ ಕಾಲದ ಅಂಬಾಸಿಡರ್ ಕಾರು ಎಂಜಿನ್ ಕೆಟ್ಟು ನಿಂತಿದೆ ಎಂದಿಟ್ಟುಕೊಳ್ಳಿ. ಈ ಕಾರಿನ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಆದ್ದರಿಂದ ತಂದೆ ಕಲಬುರಗಿಯ ಗುಜರಿಯಲ್ಲಿ ಅದೇ ಜಾತಿಯ ಹಳೆಯ ಪೆಟ್ರೋಲ್ ಎಂಜಿನ್ನೊಂದನ್ನು ನೋಡಿ ಬಂದಿದ್ದಾರೆ. ಮಗನ ಕಾಲೇಜು ಫೀಗೆಂದು ಎತ್ತಿಟ್ಟ ಹಣದಲ್ಲಿ ಒಂದು ಪಾಲು ಅದಕ್ಕೆ ಹೋಗಲಿದೆ. "ಪೇಂಟ್ ಛಲೋ ಅದ, ಕೂಡಿಸಿಬಿಡೋಣು" ಎಂಬುದು ತಂದೆಯ ಆತುರ. "ಅಪ್ಪಾ, ಒಳಗ ಹೆಂಗ ಅದ?" ಎಂಬುದು ಪಿ.ಯು.ಸಿ. ಓದುವ ಮಗನ ಪ್ರಶ್ನೆ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಎಂಜಿನ್ನಿಗೂ ಸಲ್ಲುತ್ತದೆ.

ಮೊದಲ ಪರೀಕ್ಷೆ ಕಾಗದದ್ದು. ಎಂಜಿನ್ನಿನ ಮೇಲಿನ ಸಂಖ್ಯೆ ಮಾರುವವನ ಕಾಗದಗಳಿಗೆ ತಾಳೆಯಾಗಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನಂತೆ ಎಂಜಿನ್ ಬದಲಿಸಲು ಆರ್.ಟಿ.ಓ. ಒಪ್ಪಿಗೆ ಬೇಕು; ಹೊಸ ಸಂಖ್ಯೆ ಆರ್.ಸಿ.ಯಲ್ಲಿ ದಾಖಲಾಗಬೇಕು. ಸಂಖ್ಯೆಯನ್ನು ಉಜ್ಜಿ ಅಳಿಸಿದ್ದರೆ ಅಲ್ಲಿಂದಲೇ ಹಿಂದಿರುಗುವುದು ಲೇಸು.

ಎರಡನೆಯದು ಎಣ್ಣೆಯ ಪರೀಕ್ಷೆ. ನೀರು ಎಣ್ಣೆಗಿಂತ ಸಾಂದ್ರ. ಆದ್ದರಿಂದ ಬಹಳ ದಿನ ನಿಂತ ಎಂಜಿನ್ನಿನಲ್ಲಿ ನೀರು ಸೇರಿದ್ದರೆ ಕೆಳಗಿನ ಬೋಲ್ಟ್ ಸಡಿಲಿಸಿದಾಗ ಮೊದಲು ನೀರೇ ಹನಿಯುತ್ತದೆ. ಎಣ್ಣೆ ಹಾಲು ಬೆರೆಸಿದ ಚಹಾದಂತಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು, ಇಲ್ಲವೆ ಎಲ್ಲೋ ಬಿರುಕಿರಬಹುದು. ಎಣ್ಣೆಯಲ್ಲಿ ಲೋಹದ ಚೂರುಗಳು ಮಿನುಗಿದರೆ ಬೇರಿಂಗ್ ಸವೆದಿದೆ ಎಂದರ್ಥ.

ಮೂರನೆಯದು ಕೈಯಿಂದ ತಿರುಗಿಸುವುದು. ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ ಕ್ರ್ಯಾಂಕ್ ತಿರುಗಿಸಿದಾಗ ಅದು ಸರಾಗವಾಗಿ ಸುತ್ತಬೇಕು. ಬಿಗಿದಿದ್ದರೆ ಬಲ ಹಾಕಬಾರದು. ಪ್ರತಿ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಒಂದು ದಿನ ಕಾಯಬೇಕು. ಬಿಚ್ಚಿದ ಪ್ಲಗ್‌ಗಳೂ ಮಾತಾಡುತ್ತವೆ. ತುದಿ ತಿಳಿಕಂದಾಗಿದ್ದರೆ ದಹನ ಸರಿಯಾಗಿತ್ತು. ಕಪ್ಪಾಗಿ ಜಿಡ್ಡು ಹಿಡಿದಿದ್ದರೆ ಎಂಜಿನ್ ಎಣ್ಣೆ ಕುಡಿಯುತ್ತಿತ್ತು.

ನಾಲ್ಕನೆಯದೇ ನಿಜವಾದ ನಾಡಿ ಪರೀಕ್ಷೆ. ಈ ಎಂಜಿನ್ನಿನ ಸಿಲಿಂಡರಿನ ವ್ಯಾಸ ಸುಮಾರು 7.3 ಸೆಂ.ಮೀ., ಪಿಸ್ಟನ್ ಓಡುವ ದೂರ 8.89 ಸೆಂ.ಮೀ. ಸಿಲಿಂಡರಿನ ಘನಫಲದ ಸೂತ್ರ ಹಾಕಿದರೆ ಒಂದಕ್ಕೆ ಸುಮಾರು 372 ಘನ ಸೆಂ.ಮೀ. ಬರುತ್ತದೆ. ನಾಲ್ಕರಿಂದ ಗುಣಿಸಿದರೆ ಕಾರಿನ ಪುಸ್ತಕದಲ್ಲಿರುವ 1489 ಸಿ.ಸಿ.ಯ ಸಮೀಪಕ್ಕೆ ತಲುಪಬಹುದು. ಇಷ್ಟು ಗಾಳಿಯನ್ನು ಪಿಸ್ಟನ್ ಮೇಲಕ್ಕೆ ಒತ್ತುತ್ತದೆ. ಗಾತ್ರ ಕುಗ್ಗಿದಷ್ಟೂ ಒತ್ತಡ ಏರುತ್ತದೆ ಎಂಬುದು ಬಾಯ್ಲ್‌ನ ನಿಯಮ. ಎಲ್ಲಿಯೋ ಸೋರಿಕೆಯಿದ್ದರೆ ಒತ್ತಡ ಏರುವುದಿಲ್ಲ.

ಎಂಜಿನ್ನನ್ನು ಸ್ಟ್ಯಾಂಡಿಗೆ ಭದ್ರವಾಗಿ ಬಿಗಿದು, ಕಾರ್ಬ್ಯುರೇಟರಿನ ಬಾಯಿ ಪೂರ್ತಿ ತೆರೆದು, ಪ್ಲಗ್ಗಿನ ಜಾಗದಲ್ಲಿ ಕಂಪ್ರೆಶನ್ ಗೇಜ್ ಇಟ್ಟು, ತುಂಬಿದ ಬ್ಯಾಟರಿಯಿಂದ ಸ್ಟಾರ್ಟರ್ ಓಡಿಸಬೇಕು. ಮೂರು ಸಿಲಿಂಡರುಗಳು 120ರ ಆಸುಪಾಸು ತೋರಿಸಿ ನಾಲ್ಕನೆಯದು 80 ಎಂದರೆ ಅಲ್ಲೇ ರೋಗ. ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಎಣ್ಣೆ ಪಿಸ್ಟನ್ನಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಒತ್ತಡ ಏರಿದರೆ ರಿಂಗ್ ಅಥವಾ ಸಿಲಿಂಡರ್ ಸವೆದಿದೆ. ಏರದಿದ್ದರೆ ತಪ್ಪು ವಾಲ್ವಿನದು ಅಥವಾ ಗ್ಯಾಸ್ಕೆಟ್ಟಿನದು. ಅಕ್ಕಪಕ್ಕದ ಎರಡೂ ಕಡಿಮೆ ತೋರಿಸಿದರೆ ಅವುಗಳ ನಡುವಿನ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ ನೀರಿನ ಹಾದಿಯನ್ನೂ ಮರೆಯಬಾರದು. ತುಕ್ಕು ಕಟ್ಟಿಕೊಂಡರೆ ಎಂಜಿನ್ ಕಾದು, ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ. ವಾಟರ್ ಪಂಪ್, ಆಯಿಲ್ ಸೀಲ್‌ಗಳನ್ನು ಎಂಜಿನ್ ಹೊರಗಿರುವಾಗಲೇ ಬದಲಿಸುವುದು ಜಾಣತನ. ಕೂಡಿಸಿದ ಮೇಲೆ ಸೋರಿದರೆ ಮತ್ತೆ ಇಳಿಸುವ ಕೂಲಿ ಎರಡನೆಯ ಸಲ ಬೀಳುತ್ತದೆ.

ಇಷ್ಟೆಲ್ಲ ನೋಡಲು ಒಂದು ದಿನ ಸಾಕು. ಆ ಒಂದು ದಿನದ ಕೊನೆಗೆ ತಂದೆಯ ಕೈಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಬೆಲೆ ಇಳಿಸಲು, ರಿಪೇರಿಯ ಖರ್ಚು ಲೆಕ್ಕ ಹಾಕಲು, ಬೇಡವೆಂದು ಎದ್ದು ಬರಲು ಅವು ಆಧಾರ. ಬಾಯ್ಲ್‌ನ ನಿಯಮವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಮಗನಿಗೂ, ಅದೇ ನಿಯಮ ತನ್ನ ಫೀ ಹಣವನ್ನು ಕಾಯಿತೆಂಬುದು ನೆನಪಿನಲ್ಲಿ ಉಳಿಯುತ್ತದೆ.