ಗಾಲ್ಫ್ ಮೈದಾನದ ಗೇಟು ಮಕ್ಕಳಿಗೂ ತೆರೆಯಲಿ

ಕಳೆದ ತಿಂಗಳು ಆರ್.ಟಿ. ನಗರದ ನನ್ನ ಚಿಕಿತ್ಸಾಲಯಕ್ಕೆ ಹತ್ತು ವರ್ಷದ ಹುಡುಗನೊಬ್ಬನನ್ನು ತಂದೆತಾಯಿ ಕರೆತಂದಿದ್ದರು. ಎರಡು ಮಹಡಿ ಹತ್ತಿದರೆ ಏದುಸಿರು. ಪರೀಕ್ಷಿಸಿದೆ. ಆಸ್ತಮಾ ಇಲ್ಲ, ಹೃದಯದ ದೋಷವಿಲ್ಲ, ರಕ್ತಹೀನತೆಯೂ ಇಲ್ಲ. ಇದ್ದದ್ದು ವಯಸ್ಸಿಗೆ ಮೀರಿದ ತೂಕ, ಜತೆಗೆ ಹೊಸ ಕನ್ನಡಕ. ಸಂಜೆ ಎಲ್ಲಿ ಆಡುತ್ತೀಯ ಎಂದು ಕೇಳಿದರೆ ತಾಯಿಯ ಮುಖ ನೋಡಿದ. ತಂದೆ ಸಂಕೋಚದಿಂದಲೇ ಕೇಳಿದರು: ‘ಗಾಲ್ಫ್ ಕಲಿಸೋಣ ಅಂತಿದ್ದೀನಿ ಡಾಕ್ಟ್ರೇ. ಅದರಲ್ಲಿ ವ್ಯಾಯಾಮ ಏನಾದ್ರೂ ಇದೆಯಾ?’

ಇದೆ. ಆದರೆ ಅದು ಚೆಂಡು ಹೊಡೆಯುವುದರಲ್ಲಿ ಇಲ್ಲ, ಹೊಡೆದ ಚೆಂಡಿನ ಹಿಂದೆ ನಡೆಯುವುದರಲ್ಲಿದೆ. 18 ಹೋಲ್‌ಗಳ ಪೂರ್ತಿ ಸುತ್ತು ಮುಗಿಸಲು ಏಳೆಂಟು ಕಿಲೋಮೀಟರ್ ನಡೆಯಬೇಕಾಗುತ್ತದೆ. ಮಕ್ಕಳಿಗೆ ಅದರ ಅರ್ಧವೇ ಸಾಕು. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಚಟುವಟಿಕೆಯಿಂದಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಗಲು ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಾಣಿಸಿಕೊಳ್ಳುವುದು ಕಡಿಮೆ ಎಂಬುದೂ ಈಗ ಚೆನ್ನಾಗಿ ಗೊತ್ತಾಗಿದೆ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರು 2008ರಲ್ಲಿ ಸುಮಾರು 3 ಲಕ್ಷ ಗಾಲ್ಫ್ ಆಟಗಾರರ ದಾಖಲೆ ಪರಿಶೀಲಿಸಿದಾಗ, ಅವರಲ್ಲಿ ಸಾವಿನ ಪ್ರಮಾಣ ಅದೇ ವಯಸ್ಸಿನ ಇತರರಿಗಿಂತ ಶೇ 40ರಷ್ಟು ಕಡಿಮೆಯಿತ್ತು. ಇದೆಲ್ಲ ಗಾಲ್ಫ್‌ನ ಮಹಿಮೆ ಎನ್ನಲಾರೆ. ಆರೋಗ್ಯವಂತರೇ ಮೈದಾನಕ್ಕೆ ಹೋಗುವುದೂ ಉಂಟಲ್ಲ! ಇನ್ನು ಬ್ಯಾಟರಿ ಗಾಡಿಯಲ್ಲಿ ಕುಳಿತು ಆಡಿ ಬರುವವರಿಗೆ ನಾನೇನೂ ಭರವಸೆ ಕೊಡುವುದಿಲ್ಲ.

ಹುಡುಗನ ತಂದೆಗೆ ಇದ್ದ ನಿಜವಾದ ಅಳುಕು ಬೇರೆಯೇ. ‘ನಮ್ಮಂಥವರನ್ನು ಒಳಗೆ ಬಿಡ್ತಾರಾ?’ ಮೇಖ್ರಿ ವೃತ್ತ ದಾಟಿ ವಿಧಾನಸೌಧದ ಕಡೆ ಹೋಗುವವರಿಗೆ ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ ಗೊತ್ತು. 1876ರಲ್ಲಿ ಸ್ಥಾಪನೆಯಾದದ್ದು. ಉತ್ತರಕ್ಕೆ ಹೋದರೆ ನಂದಿ ಬೆಟ್ಟದ ಬಳಿ ಹೊಸ ಕಾಲದ ಗಾಲ್ಫ್ ಮೈದಾನವಿದೆ. ನಡುವೆ ಹೆಬ್ಬಾಳ, ಯಲಹಂಕಗಳಲ್ಲಿ ವಾಸಿಸುವ ಸಾವಿರಾರು ಕುಟುಂಬಗಳಿಗೆ ಈ ಹಸಿರು ಬಸ್ಸಿನ ಕಿಟಕಿಯಿಂದ ಕಾಣುವ ನೋಟ ಮಾತ್ರ.

ಗೇಟು ತೆರೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರಿನಲ್ಲೇ ಉದಾಹರಣೆಯಿದೆ. ಹಳೇ ವಿಮಾನ ನಿಲ್ದಾಣ ರಸ್ತೆಯ ಕರ್ನಾಟಕ ಗಾಲ್ಫ್ ಸಂಸ್ಥೆಯ ಅಭ್ಯಾಸ ಮೈದಾನ ಕಾಣುವ ಹೋಟೆಲಿಗೆ ಒಂದು ಕುಟುಂಬ ತಿಂಡಿಗೆ ಹೋಗುತ್ತಿತ್ತು. ಅವರ ಐದು ವರ್ಷದ ಮಗಳಿಗೆ ಅಲ್ಲೇನು ನಡೆಯುತ್ತಿದೆ ನೋಡುವ ಕುತೂಹಲ. ಒಳಗೆ ಹೋದರು, ಮಗು ಕೋಲು ಹಿಡಿಯಿತು. ಆಕೆಯೇ ಅದಿತಿ ಅಶೋಕ್. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 18ರ ಹುಡುಗಿ. ತಂದೆಯೇ ಚೀಲ ಹೊತ್ತು ಜತೆಗೆ ನಡೆದಿದ್ದರು. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಚೀಲ ಹೊತ್ತವರು ತಾಯಿ. ಅಲ್ಲಿ ಒಂದೇ ಒಂದು ಹೊಡೆತದಿಂದ ಪದಕದ ಅವಕಾಶ ತಪ್ಪಿ ನಾಲ್ಕನೇ ಸ್ಥಾನ. ಬಿಡದಿ ಬಳಿಯ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ಕೂಡ ಅಲ್ಲೇ ಆಟ ಕಲಿತು ವೃತ್ತಿಪರ ಆಟಗಾರರಾದರು.

ಆದರೆ ನಿಮ್ಮ ಮಗುವನ್ನು ಅದಿತಿ ಮಾಡಲು ಕಳುಹಿಸಬೇಡಿ. ಎಂಟನೇ ವಯಸ್ಸಿಗೇ ದಿನಕ್ಕೆ ನೂರಾರು ಚೆಂಡು ಹೊಡೆಸಿದರೆ ಸೊಂಟ, ಮಣಿಕಟ್ಟು, ಮೊಣಕೈ ನೋವು ಖಂಡಿತ ನನ್ನ ಬಳಿಗೆ ಕರೆತರುತ್ತವೆ. ಹದಿವಯಸ್ಸಿನವರೆಗೆ ಈಜು, ಕಬಡ್ಡಿ, ಓಟ ಎಲ್ಲವೂ ಜತೆಗಿರಲಿ. ಅಪ್ಪನ ಕೋಲನ್ನು ಕತ್ತರಿಸಿ ಕೊಡುವ ಉಳಿತಾಯ ಬೇಡ. ಮಕ್ಕಳ ಅಳತೆಯ ಹಗುರ ಕೋಲನ್ನು ಕ್ಲಬ್‌ನಲ್ಲೇ ಬಳಸಲು ಕೊಡುತ್ತಾರೆಯೇ ಎಂದು ವಿಚಾರಿಸಿ. ಎಲ್ಲಕ್ಕಿಂತ ಮುಖ್ಯ ಮಾತು: ಒಬ್ಬ ಕೋಲು ಬೀಸುವಾಗ ಇನ್ನೊಂದು ಮಗು ಹಿಂದೆ ನಿಂತಿರಬಾರದು. ಅದರ ಏಟಿಗೆ ತಲೆಬುರುಡೆ ಒಡೆದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಕಡಿಮೆಯೇನಿಲ್ಲ. ತರಬೇತುದಾರರು ಮೊದಲ ದಿನ ಇದನ್ನು ಕಲಿಸದಿದ್ದರೆ ಎರಡನೇ ದಿನ ಹೋಗಬೇಡಿ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಕೇಳಿದೊಡನೆ ಮೈದಾನ ಬಿಟ್ಟು ಕಟ್ಟಡದೊಳಗೆ ಬರಬೇಕು, ಮರದಡಿ ನಿಲ್ಲಬಾರದು.

ಸ್ಪರ್ಧೆಗೆ ನನ್ನ ವಿರೋಧವಿಲ್ಲ. ಹ್ಯಾಂಡಿಕ್ಯಾಪ್ ಎಂಬ ಏರ್ಪಾಟಿನಲ್ಲಿ ಕಡಿಮೆ ಕುಶಲತೆಯವನಿಗೆ ಒಂದಷ್ಟು ಹೊಡೆತಗಳ ರಿಯಾಯಿತಿ ಸಿಗುತ್ತದೆ. ದಪ್ಪ ಹುಡುಗನೂ ಚುರುಕು ಹುಡುಗಿಯೂ ಅಪ್ಪನೂ ಒಂದೇ ಪಂದ್ಯ ಆಡಬಹುದು. ಶಾಲೆಯ ಓಟದಲ್ಲಿ ಪ್ರತಿ ಸಲ ಕೊನೆಯವನಾಗುವ ಮಗುವಿಗೆ ಇದು ಸಣ್ಣ ವಿಷಯವಲ್ಲ.

ಕ್ಲಬ್‌ನ ಆಡಳಿತ ಮಂಡಳಿಯವರು ಈ ಅಂಕಣ ಓದುತ್ತಿದ್ದರೆ ಒಂದು ಬಿನ್ನಹ. ಸದಸ್ಯರಲ್ಲದವರ ಮಕ್ಕಳಿಗೆ, ಅಕ್ಕಪಕ್ಕದ ಸರ್ಕಾರಿ ಶಾಲೆಯವರಿಗೂ ಸೇರಿ, ವಾರಕ್ಕೆರಡು ಮಧ್ಯಾಹ್ನ ಬಿಟ್ಟುಕೊಡಿ. ಹಾಗೆ ಈಗಾಗಲೇ ಮಾಡುತ್ತಿರುವವರು ಗೇಟಿನ ಹೊರಗೆ ಕನ್ನಡದಲ್ಲಿ ಒಂದು ಫಲಕ ಹಾಕಿ.

ಆ ಹುಡುಗ ಈಗ ಶಾಲೆ ಬಿಟ್ಟ ಮೇಲೆ ಬಡಾವಣೆಯ ಪಾರ್ಕಿನಲ್ಲಿ ತಂದೆಯೊಂದಿಗೆ ಆರು ಸುತ್ತು ನಡೆಯುತ್ತಾನೆ. ತಂದೆ ಎರಡು ಕ್ಲಬ್‌ಗಳಿಗೆ ಪತ್ರ ಬರೆದು ಉತ್ತರಕ್ಕಾಗಿ ಕಾಯುತ್ತಿದ್ದಾರೆ.